ಹುಟ್ಟುಕಿವುಡು: ಮಿತಾಕ್ಷರೆಯಿಂದ ಮೀನಿನ ಕಿವಿಯವರೆಗೆ

ಅಣ್ಣಿಗೇರಿಯನ್ನೊಳಗೊಂಡ ಬೆಳ್ವೊಲ ನಾಡು ಕಲ್ಯಾಣದ ಚಾಲುಕ್ಯರ ಆಳಿಕೆಯಲ್ಲಿದ್ದಾಗ, ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನೆಂಬುದು ವಾಚಕರಿಗೆ ವಿದಿತವೇ ಇದೆ. ಅದರ ದಾಯವಿಭಾಗ ಪ್ರಕರಣದಲ್ಲಿ ಕಠಿಣವಾದ ವಿಧಿಯೊಂದುಂಟು: ಹುಟ್ಟುಕಿವುಡನಿಗೆ ಅನ್ನವಸ್ತ್ರಗಳು ಸಲ್ಲತಕ್ಕುವು, ಪಾಲು ಸಲ್ಲದು. ನವಲಗುಂದ, ಕುಂದಗೋಳಗಳ ಎರೆಭೂಮಿಯಲ್ಲಿ ಹೊಲವೇ ಜೀವನಾಧಾರ. ಅಲ್ಲಿ ಪಾಲಿಲ್ಲವೆಂದರೆ ಬದುಕಿರುವವರೆಗೂ ಅಣ್ಣತಮ್ಮಂದಿರ ಅನ್ನದ ಹಂಗು. ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಈ ವಿಧಿಯನ್ನು ಮನ್ನಿಸಿದುವು. ಕಿವುಡು ಹುಟ್ಟಿನಿಂದ ಬಂದುದೂ ವಾಸಿಯಾಗದುದೂ ಆಗಿರಬೇಕೆಂದಷ್ಟೇ ಕೇಳಿದುವು.

ಆದರೂ ವಿಜ್ಞಾನೇಶ್ವರನಿಗೆ ನಾವು ಅನ್ಯಾಯ ಮಾಡಬಾರದು. ಔಷಧದಿಂದ ದೋಷ ನೀಗಿದರೆ ಪಾಲು ಕೊಡಬೇಕೆಂದೂ, ಅಂಥವನ ಮಗನು ನಿರ್ದೋಷಿಯಾಗಿದ್ದರೆ ಹಕ್ಕುದಾರನೆಂದೂ ಅವನು ಹೇಳಿದ್ದಾನೆ. ಕಿವುಡನ ಮಗ ಕಿವುಡನೇ ಆಗಬೇಕೆಂದಿಲ್ಲವೆಂಬ ಲೋಕಾನುಭವವು ಇದರ ಹಿಂದೆ ಇದ್ದಿರಬೇಕೆಂದು ನಮಗೆ ತೋರುತ್ತದೆ.

ಈ ಅನುಭವದ ಕಾರಣವನ್ನು ಅರಿಯಲು ಬೆರಳುದ್ದವೂ ಇಲ್ಲದ ಮೀನೊಂದು ನೆರವಾಗಿದೆ. ಮೈಮೇಲೆ ಪಟ್ಟೆಗಳುಳ್ಳ ಈ ಜೀಬ್ರಾಮೀನನ್ನು 1822ರಲ್ಲಿ, ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ, ಮೊದಲು ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ, ಕೊನೆಗಾಲದಲ್ಲಿ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದ ಅದೇ ಬುಕಾನನ್! ಅವನ ಪ್ರವಾಸಗ್ರಂಥವನ್ನು ಪದೇಪದೇ ತಿರುವಿಹಾಕುವ ನಾವು ಅವನ ಮೀನುಗಳನ್ನು ಮರೆತಿದ್ದೇವೆ.

ಈ ಮೀನಿನ ಭ್ರೂಣವು ತಾಯಿಯ ಒಡಲಿನ ಹೊರಗೆ ಬೆಳೆಯುತ್ತದೆ, ಪಾರದರ್ಶಕವೂ ಆಗಿದೆ. ಆದುದರಿಂದ ಒಂದು ದಿನದೊಳಗೆ ಒಳಗಿವಿಯ ಕೋಶಿಕೆ ಮೂಡುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಾಣಬಹುದು. ಪಾತ್ರೆಯನ್ನು ತಟ್ಟಿದರೆ ಆರೋಗ್ಯವಂತ ಮರಿ ಬೆಚ್ಚುತ್ತದೆ. ಬೆಚ್ಚದೆ, ಸಮತೋಲ ತಪ್ಪಿ ಸುತ್ತುಸುತ್ತಾಗಿ ಈಜುವ ಕೆಲವು ಮರಿಗಳಲ್ಲಿ ಮಯೊಸಿನ್-7ಎ ಎಂಬ ಜೀನ್ ಕೆಟ್ಟಿರುವುದು 2000ದಲ್ಲಿ ಪ್ರಕಟವಾಯಿತು. ಶಬ್ದವನ್ನು ಗ್ರಹಿಸುವ ಕೋಶಗಳ ತುದಿಯಲ್ಲಿ ಒತ್ತೊತ್ತಾಗಿ ನಿಲ್ಲಬೇಕಾದ ಸೂಕ್ಷ್ಮ ಎಳೆಗಳು ಅವುಗಳಲ್ಲಿ ಕೆದರಿಹೋಗಿದ್ದುವು. ಮನುಷ್ಯರಲ್ಲಿಯೂ ಇದೇ ಜೀನ್ ಕೆಟ್ಟರೆ ಹುಟ್ಟುಕಿವುಡು ಬರುತ್ತದೆ. ಕೆಲವರಿಗೆ ಮುಂದೆ ಇರುಳುಗುರುಡೂ ಸೇರುತ್ತದೆ. ದೋಷವಿರುವುದು ಇಂದ್ರಿಯದ ರಚನೆಯಲ್ಲಿ, ಬುದ್ಧಿಯಲ್ಲಲ್ಲ. ಕಿವುಡನನ್ನು ಜಡನ ಪಂಕ್ತಿಯಲ್ಲಿ ಕೂಡಿಸಿದ ಮನುವಿನ ಪಟ್ಟಿಗೆ ಇಲ್ಲಿ ಆಧಾರವಿಲ್ಲ.

ತಾಯಿಯಿಂದೊಂದು, ತಂದೆಯಿಂದೊಂದು ಬರುವ ಈ ಜೀನಿನ ಎರಡು ಪ್ರತಿಗಳೂ ಕೆಟ್ಟಿದ್ದರೆ ಮಾತ್ರ ಸಾಮಾನ್ಯವಾಗಿ ಕಿವುಡು ತೋರುತ್ತದೆ. ಕಿವುಡ ತಂದೆಯ ಮಗನಿಗೆ ತಾಯಿಯಿಂದ ಒಳ್ಳೆಯ ಪ್ರತಿ ದೊರೆತರೆ ಅವನಿಗೆ ಕಿವಿ ಕೇಳುತ್ತದೆ. ವಿಜ್ಞಾನೇಶ್ವರನ ನಿರ್ದೋಷಿ ಪುತ್ರನು ಇವನೇ. ಅಕ್ಕನ ಮಗಳನ್ನು ತರುವ ವಾಡಿಕೆ ನಮ್ಮ ಸೀಮೆಯಲ್ಲುಂಟು. ಅಂಥ ದಾಂಪತ್ಯದ ಮಗುವಿನಲ್ಲಿ ಯಾವುದೇ ಜೀನಿನ ಎರಡು ಪ್ರತಿಗಳೂ ಒಬ್ಬ ಹಿರಿಯರಿಂದಲೇ ಬಂದಿರುವ ಸಂಭವ 1/8. ಸೋದರಮಾವನ ಮಗಳನ್ನು ತಂದರೆ 1/16.

ಶಾಸನವು ಈ ವಿಜ್ಞಾನಕ್ಕಾಗಿ ಕಾಯಲಿಲ್ಲ. 1928ರ ಕಾಯಿದೆಯು ಹುಟ್ಟುಕಿವುಡರ ಅನರ್ಹತೆಯನ್ನು ತೆಗೆಯಿತು; 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಯಾವ ಅಂಗದೋಷವೂ ವಾರಸಿಕೆಗೆ ಅಡ್ಡಿಯಲ್ಲವೆಂದಿತು. ಅದಕ್ಕೆ ಹಿಂದಿನ ವಾಟ್ನಿಪತ್ರಗಳು ನವಲಗುಂದ, ಕಲಘಟಗಿ ಸೀಮೆಯ ಮನೆಗಳಲ್ಲಿ ಉಳಿದಿದ್ದರೆ, ಅವುಗಳಲ್ಲಿ ಯಾವ ಅಣ್ಣನ ಹೆಸರು, ಯಾವ ತಮ್ಮನ ಹೆಸರು ಬಿಟ್ಟುಹೋಗಿದೆಯೆಂಬುದನ್ನು ನಮ್ಮ ವಿದ್ಯಾರ್ಥಿಗಳು ಹುಡುಕಿ ನೋಡಬೇಕಾಗಿದೆ.