ಮೇಷ್ಟ್ರಿಗೆ ತರಬೇತಿ ಆಯಿತು, ಮನೆಯವರಿಗೆ?

ನಮ್ಮ ಕೊರವಂಗಲದ ಕಡೆ ಹೈಸ್ಕೂಲಿಗೆ ಹೋಗುವ ಹುಡುಗಿ ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಹಿಡಿದರೆ ಮೊದಲು ಬರುವ ಮಾತು ‘ದೃಷ್ಟಿಯಾಗಿದೆ’. ಹುಡುಗನಾದರೆ ‘ಮೊಬೈಲಿಂದ ಕೆಟ್ಟ’. ಪಕ್ಕದಲ್ಲಿ ಕೂರಿಸಿಕೊಂಡು ಏನಾಯ್ತು ಮಗ ಅಂತ ಕೇಳುವುದು ಕಡೆಗೆ. ಹಾಗೆ ಕೇಳುವುದನ್ನು ದೊಡ್ಡವರಿಗೆ ಕಲಿಸಬಹುದು ಎಂಬ ಯೋಚನೆ ನಮ್ಮ ರಾಜ್ಯಕ್ಕೆ ಹೊಸದಲ್ಲ.

1970ರ ದಶಕದ ನಡುವೆ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಹೊರಗೆ, ಬನ್ನೇರುಘಟ್ಟದ ಹತ್ತಿರದ ಸಕಲವಾರದಲ್ಲಿ ಹಳ್ಳಿಗಾಗಿಯೇ ಒಂದು ಮಾನಸಿಕ ಆರೋಗ್ಯ ಕೇಂದ್ರ ನಡೆಸತೊಡಗಿದರು. ಊರೂರಿಗೆ ಕಳಿಸುವಷ್ಟು ಮನೋವೈದ್ಯರು ಆಗ ಇರಲಿಲ್ಲ (ಈಗಲೂ ಇಲ್ಲ ಬಿಡಿ). ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆ ಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. 1985ರಲ್ಲಿ ಇದನ್ನೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. 1996ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆ ತಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೆ ಆ ತರಬೇತಿಯ ಕಣ್ಣು ಹೆಚ್ಚಾಗಿ ಇದ್ದದ್ದು ತೀವ್ರ ಮನೋರೋಗ, ಮೂರ್ಛೆರೋಗದ ಮೇಲೆ. ಹತ್ತನೇ ಕ್ಲಾಸಿನ ಮಕ್ಕಳ ಸರದಿ ತಡವಾಗಿ ಬಂತು.

ಅದು ಬಂದದ್ದು ಶಾಲೆಯ ದಾರಿಯಲ್ಲಿ. ನಿಮ್ಹಾನ್ಸ್‌ನ ಡಾ. ಶ್ರೀಕಲಾ ಭರತ್, ಡಾ. ಕಿಶೋರ್ ಕುಮಾರ್ ಅವರು ‘ಜೀವನ ಕೌಶಲ’ ಪಾಠ ರೂಪಿಸಿ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟರು. ಭಾಷಣ ಇಲ್ಲ, ಆಟ, ಚರ್ಚೆ, ಪಾತ್ರಾಭಿನಯ. 2010ರಲ್ಲಿ ಅವರು ಬರೆದ ಲೆಕ್ಕದಂತೆ ನಾಲ್ಕು ಜಿಲ್ಲೆಗಳ 261 ಪ್ರೌಢಶಾಲೆಗಳಲ್ಲಿ ಸುಮಾರು ಸಾವಿರ ಶಿಕ್ಷಕರು ಕಲಿತಿದ್ದರು. ಪಾಠ ಸಿಕ್ಕ 605 ಮಕ್ಕಳನ್ನು ಸಿಗದ 423 ಮಕ್ಕಳ ಜೊತೆ ಹೋಲಿಸಿದರು. ಸಿಕ್ಕವರಲ್ಲಿ ತಮ್ಮ ಮೇಲಿನ ನಂಬಿಕೆ ಹೆಚ್ಚಿತ್ತು, ಕಷ್ಟ ನಿಭಾಯಿಸುವ ಧೈರ್ಯ ಇತ್ತು, ಮೇಷ್ಟ್ರ ಜೊತೆ, ಶಾಲೆಯ ಜೊತೆ ಚೆನ್ನಾಗಿ ಹೊಂದಿಕೊಂಡಿದ್ದರು. ಆದರೆ ಮನೆಯಲ್ಲಿ ಹೊಂದಿಕೊಳ್ಳುವುದರಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಮ್ಮನ್ನು ತಡೆದು ನಿಲ್ಲಿಸಿದ್ದು ಈ ಒಂದು ಸಾಲು. ತರಬೇತಿ ಸಿಕ್ಕಿದ್ದು ಮೇಷ್ಟ್ರಿಗೆ, ಬದಲಾದದ್ದು ಶಾಲೆ. ಅಪ್ಪ ಅಮ್ಮನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲವಲ್ಲ.

ಆಮೇಲೆ ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ‘ಯುವ ಸ್ಪಂದನ’ ಶುರು ಮಾಡಿತು. ಜಿಲ್ಲೆಗಳಲ್ಲಿ ‘ಯುವ ಪರಿವರ್ತಕ’ರನ್ನು ತಯಾರು ಮಾಡಿತು. ಒಳ್ಳೆಯದೇ. ಆದರೂ ಮಗು ಮನೆಯಿಂದ ಎದ್ದು ಅಲ್ಲಿಯವರೆಗೆ ಹೋಗಬೇಕು. ಇತ್ತ ಪೋಷಕರ ಸಭೆಯಲ್ಲಿ ನಾವು ಅಂಕಪಟ್ಟಿ ನೋಡಿ ಸಹಿ ಹಾಕಿ ಬರುತ್ತೇವೆ. ಅದೇ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ ಎಂದು ಎಸ್‌ಡಿಎಂಸಿಯವರು ಕೇಳಬಹುದು.

2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗಳ ಹತ್ತಿರ ಮಾತು ಹೇಗೆ ಶುರು ಮಾಡಲಿ ಅಂತ ಅಪ್ಪ ಅಮ್ಮನೂ ಕೇಳಬಹುದು. ಮಗು ಸಾಯುವ ಮಾತಾಡಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ಆಗಲೇ ಫೋನ್ ಮಾಡಿ.