ಸಬ್ಬಕ್ಕಿ ಹಾಕಿದ ಟೀ

ಅರಸೀಕೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಮೂರು ಗಂಟೆಯ ದಾರಿ. ಆದರೂ ನಾನು ಅಲ್ಲಿಗೆ ಹೋಗುವುದು ಮದುವೆಗೋ, ಮುಂಜಿಗೋ, ಯಾರನ್ನಾದರೂ ಆಸ್ಪತ್ರೆಯಲ್ಲಿ ನೋಡಿಕೊಂಡು ಬರುವುದಕ್ಕೋ ಅಷ್ಟೆ. ಊಟ ಮಾಡುವುದಕ್ಕೆಂದೇ ಬೆಂಗಳೂರಿಗೆ ಹೋದದ್ದು ನನ್ನ ಐವತ್ತಾರು ವರ್ಷದ ಬದುಕಿನಲ್ಲಿ ಇದೇ ಮೊದಲು. ಅದೂ ಜಪಾನಿನ ಊಟ!

ಅದಕ್ಕೊಂದು ಕಾರಣವಿತ್ತು. ಮಗಳನ್ನು ಅವಳ ಕಂಪನಿಯವರು ಎರಡು ವರ್ಷಕ್ಕೆ ಜಪಾನಿನ ನಗೋಯಾ ಎಂಬ ಊರಿಗೆ ಕಳಿಸುತ್ತೇವೆ ಅಂದು ತಿಂಗಳಾಗಿತ್ತು. ಅವಳು ನನ್ನನ್ನು ಕೇಳಿದಾಗಲೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ: "ಅಲ್ಲಿ ಏನು ತಿಂತೀಯೆ?" ಕಡೆಗೊಂದು ದಿನ ಅವಳಿಗೆ ಬೇಸರವಾಯಿತೆಂದು ಕಾಣುತ್ತದೆ. "ಅಮ್ಮಾ, ಶುಕ್ರವಾರದೊಳಗೆ ನಾನು ಉತ್ತರ ಕೊಡಬೇಕು. ಈ ಭಾನುವಾರ ನೀನೇ ಬಾ. ಏನು ತಿಂತೀನಿ ಅಂತ ಕೂತು ನೋಡು" ಅಂದಳು. ಮೂವತ್ತು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಪಾಠ ಹೇಳಿದವಳು ನಾನು. ಪ್ರಯೋಗ ಮಾಡಿ ತೋರಿಸುತ್ತೇನೆ ಅಂದರೆ ಬೇಡ ಅನ್ನಲು ಬಾಯಿ ಬರಲಿಲ್ಲ.

ಬೆಳಗಿನ ರೈಲಿಳಿದು, ಮೆಟ್ರೋ ಹತ್ತಿ, ಇಂದಿರಾನಗರದಲ್ಲಿ ಇಳಿದೆವು. ಊಟಕ್ಕೆ ಇನ್ನೂ ಹೊತ್ತಿತ್ತು. "ಮೊದಲು ಬಬಲ್ ಟೀ ಕುಡಿಯೋಣ" ಎಂದು ಒಂದು ಪುಟ್ಟ ಅಂಗಡಿಗೆ ಕರೆದುಕೊಂಡು ಹೋದಳು. ಸಕ್ಕರೆ ನೂರಕ್ಕೆ ಎಷ್ಟು ಹಾಕಲಿ, ಐವತ್ತೋ, ಇಪ್ಪತ್ತೈದೋ ಎಂದು ಅಂಗಡಿಯ ಹುಡುಗಿ ಕೇಳಿದಾಗ ಅಂಕಪಟ್ಟಿ ಕೇಳಿದ ಹಾಗಾಯಿತು. ಬಂದದ್ದು ಉದ್ದನೆಯ ಲೋಟ, ಅದರಲ್ಲಿ ಐಸು ಹಾಕಿದ ಹಾಲಿನ ಚಹಾ, ತಳದಲ್ಲಿ ಕಪ್ಪು ಗೋಲಿಗಳು. ಹೆಬ್ಬೆರಳಿನಷ್ಟು ದಪ್ಪನೆಯ ಕೊಳವೆಯಲ್ಲಿ ಎಳೆದೆ. ಚಹಾದ ಹಿಂದೆಯೇ ಒಂದು ಗೋಲಿ ಜಾರಿ ಬಂದು ಬಾಯೊಳಗೆ ಕೂತಿತು. ಅಗಿದು ನೋಡಿದೆ. ಮೆತ್ತಗೆ, ಜಿಗುಟಾಗಿ, ಹಲ್ಲಿಗೆ ಸಿಕ್ಕಿಯೂ ಸಿಗದ ಹಾಗೆ.

"ಏ, ಇದು ಸಬ್ಬಕ್ಕಿ ಕಣೇ!" ಎಂದು ಕೂಗಿಯೇ ಬಿಟ್ಟೆ. ಪಕ್ಕದ ಮೇಜಿನ ಹುಡುಗರು ತಿರುಗಿ ನೋಡಿದರು.

ಸಬ್ಬಕ್ಕಿಯೇ ಹೌದು, ಒಂದು ಸುತ್ತು ದೊಡ್ಡದು. ಮರಗೆಣಸಿನ ಹಿಟ್ಟನ್ನು ಬಿಸಿನೀರಿನಲ್ಲಿ ಕಲೆಸಿ, ಉಂಡೆ ಮಾಡಿ, ಬೇಯಿಸಿ, ಸಕ್ಕರೆ ಪಾಕದಲ್ಲಿ ಅದ್ದಿರುತ್ತಾರೆ. ಈ ಪಾನೀಯ ಹುಟ್ಟಿದ್ದು ಜಪಾನಿನಲ್ಲಲ್ಲ, ತೈವಾನಿನಲ್ಲಿ, ಅದೂ 1980ರ ದಶಕದಲ್ಲಿ. ಅಂದರೆ ನನಗಿಂತ ಚಿಕ್ಕದು. ತೈಚುಂಗ್ ನಗರದ ಚುನ್ ಶುಯಿ ತಾಂಗ್ ಎಂಬ ಚಹಾ ಅಂಗಡಿಯ ಮಾಲೀಕ ಲಿಯು ಹಾನ್ ಚಿಯೆ ಜಪಾನಿಗೆ ಹೋದಾಗ ಅಲ್ಲಿ ಕಾಫಿಯನ್ನು ಐಸು ಹಾಕಿ ಕೊಡುವುದನ್ನು ಕಂಡು, ತನ್ನಲ್ಲಿ ಚಹಾವನ್ನೂ ಹಾಗೆ ಕುಲುಕಿ ತಣ್ಣಗೆ ಕೊಡತೊಡಗಿದನಂತೆ. ಕುಲುಕಿದಾಗ ಮೇಲೆ ನೊರೆ ಏಳುತ್ತದಲ್ಲ, 'ಬಬಲ್' ಎಂಬ ಹೆಸರು ಮೊದಲು ಬಂದದ್ದು ಆ ನೊರೆಯಿಂದ, ತಳದ ಗೋಲಿಯಿಂದಲ್ಲ. 1980ರ ದಶಕದ ಕೊನೆಯಲ್ಲಿ ಅದೇ ಅಂಗಡಿಯ ಲಿನ್ ಸಿಯು ಹುಯಿ ಎಂಬ ಹೆಂಗಸು ಸಿಬ್ಬಂದಿ ಸಭೆಯಲ್ಲಿ ಕೂತಿದ್ದಾಗ, ತನ್ನ ಮುಂದಿದ್ದ ಸಿಹಿ ಸಬ್ಬಕ್ಕಿಯನ್ನು ತಮಾಷೆಗೆ ಚಹಾದ ಲೋಟಕ್ಕೆ ಸುರಿದುಕೊಂಡಳು ಎಂಬುದು ಅವರು ಹೇಳುವ ಕಥೆ. ಸಭೆ ಎಂದರೆ ಎಷ್ಟು ಬೇಸರವೆಂದು ನಮ್ಮಂಥ ಮೇಷ್ಟ್ರುಗಳಿಗೆ ಬೇರೆ ಹೇಳಬೇಕೆ? ತೈನಾನ್ ನಗರದ ಹಾನ್‌ಲಿನ್ ಎಂಬ ಇನ್ನೊಂದು ಅಂಗಡಿಯವರು, ಇಲ್ಲ, 1986ರಲ್ಲೇ ನಾವು ಮಾಡಿದ್ದೆವು ಎಂದರು. ಹತ್ತು ವರ್ಷ ಕೋರ್ಟಿನಲ್ಲಿ ಜಗಳವಾಡಿದರು. 2019ರಲ್ಲಿ ನ್ಯಾಯಾಲಯ, ಇದು ಯಾರು ಬೇಕಾದರೂ ಮಾಡಬಹುದಾದ ಪಾನೀಯ, ಮೊದಲು ಮಾಡಿದವರು ಯಾರೆಂದು ತೀರ್ಮಾನಿಸುವ ಅಗತ್ಯವೇ ಇಲ್ಲ ಎಂದು ಮುಗಿಸಿತು. ಕೋಸಂಬರಿ ಮೊದಲು ಯಾರ ಮನೆಯಲ್ಲಿ ಮಾಡಿದರೆಂದು ಕೇಳಿದರೆ ನಾವಾದರೂ ಏನು ಹೇಳಿಯೇವು?

ಲಿನ್ ಸಿಯು ಹುಯಿ ಅಂದು ಕುಡಿಯುತ್ತಿದ್ದದ್ದು ಅಸ್ಸಾಂ ಚಹಾ. ತೈವಾನ್ 1895ರಿಂದ 1945ರವರೆಗೆ ಐವತ್ತು ವರ್ಷ ಜಪಾನಿನ ಆಳ್ವಿಕೆಯಲ್ಲಿತ್ತು. ಆಗ 1925ರ ಸುಮಾರಿಗೆ ಜಪಾನೀಯರು ನಮ್ಮ ಅಸ್ಸಾಮಿನ ಚಹಾ ತಳಿಯನ್ನು ತಂದು ಅಲ್ಲಿನ ಸನ್ ಮೂನ್ ಸರೋವರದ ಸುತ್ತಿನ ಗುಡ್ಡಗಳಲ್ಲಿ ಬೆಳೆಸಿದರು. ಮಗಳಿಗೆ ಇದನ್ನು ಹೇಳಿದೆ. "ನೋಡಿದ್ಯಾ, ಚಹಾಕ್ಕೂ ಪಾಸ್‌ಪೋರ್ಟ್ ಸಿಕ್ಕಿದೆ" ಅಂದಳು. ನಾನು ಕೇಳಿಸದವಳಂತೆ ಕೊಳವೆ ಎಳೆಯುತ್ತ ಕೂತೆ.

ಆದರೆ ಮನಸ್ಸು ಸಬ್ಬಕ್ಕಿಯ ಹಿಂದೆಯೇ ಹೋಗಿತ್ತು. ನನ್ನ ತವರು ಧಾರವಾಡದ ಕಡೆ. ಏಕಾದಶಿ ಬಂತೆಂದರೆ ಅಮ್ಮ ಹಿಂದಿನ ರಾತ್ರಿಯೇ ಸಬ್ಬಕ್ಕಿ ನೆನೆಹಾಕಿ, ಮರುದಿನ ಶೇಂಗಾ ಪುಡಿ ಬೆರೆಸಿ ಕಿಚಡಿ ಮಾಡುತ್ತಿದ್ದಳು. ಉಪವಾಸಕ್ಕೆ ಇದಕ್ಕಿಂತ ಶುದ್ಧವಾದದ್ದಿಲ್ಲ ಎಂದೇ ಅವಳ ನಂಬಿಕೆ. ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೆ ಅತ್ತೆಯವರ ಶ್ರಾದ್ಧದ ಅಡಿಗೆಮನೆ ಕಂಡೆ. ಅಲ್ಲಿ ಆಲೂಗೆಡ್ಡೆ ಕೂಡದು, ಟೊಮೆಟೊ ಕೂಡದು, ಮೆಣಸಿನಕಾಯಿ ಕೂಡದು. ಖಾರಕ್ಕೆ ಕರಿಮೆಣಸು, ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ. ಯಾಕೆ ಎಂದರೆ "ಅವೆಲ್ಲ ಹೊರಗಿನವು" ಎನ್ನುತ್ತಿದ್ದರು. ಅತ್ತೆಯವರು ಓದಿದ್ದು ಎರಡನೆಯ ಇಯತ್ತೆ, ಆದರೆ ಅವರ ಚರಿತ್ರೆ ಸರಿಯಾಗಿಯೇ ಇತ್ತು. ಆ ಮೂರೂ ಅಮೆರಿಕ ಖಂಡದಿಂದ ಬಂದವು.

ಹಾಗೆ ನೋಡಿದರೆ ಅಮ್ಮನ ಶುದ್ಧ ಸಬ್ಬಕ್ಕಿಯೂ ಅಲ್ಲಿಂದಲೇ ಬಂದದ್ದು! ಮರಗೆಣಸು ಬ್ರೆಜಿಲ್ ಕಡೆಯ ಗೆಡ್ಡೆ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. 1880ರಿಂದ 1885ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹಸಿವಿಗೆ ಇದು ಒದಗುತ್ತದೆಂದು ಅದರ ಬೆಳೆಗೆ ಪ್ರೋತ್ಸಾಹ ಕೊಟ್ಟರು. ಇನ್ನು ಸಬ್ಬಕ್ಕಿ ಕಾಳು ಮೊದಲು ನಮಗೆ ಬರುತ್ತಿದ್ದದ್ದು ಮಲಯಾ, ಸಿಂಗಪುರದ ಕಡೆಯಿಂದ. 1942ರ ಫೆಬ್ರವರಿಯಲ್ಲಿ ಜಪಾನೀ ಸೈನ್ಯ ಸಿಂಗಪುರವನ್ನು ಹಿಡಿಯಿತು, ಹಡಗುಗಳು ನಿಂತವು. ಆಮೇಲೆ, 1943-44ರ ಸುಮಾರಿಗೆ, ತಮಿಳುನಾಡಿನ ಸೇಲಂನಲ್ಲಿ ಮರಗೆಣಸಿನ ಹಾಲನ್ನು ತಿಳಿಗಟ್ಟಿಸಿ, ಹಸಿ ಹಿಟ್ಟನ್ನು ಕುಲುಕಿ ಕುಲುಕಿ ಕಾಳು ಮಾಡುವ ಕಸುಬು ಬೆಳೆಯಿತು. ಅಂದರೆ ನಾನು ಧಾರವಾಡದಲ್ಲಿ ಏಕಾದಶಿಗೆ ತಿಂದ ಕಿಚಡಿಯ ಹಿಂದೆ ಪೋರ್ಚುಗೀಸರೂ ಇದ್ದರು, ಜಪಾನಿನವರೂ ಇದ್ದರು. ಇದನ್ನೆಲ್ಲ ತರಗತಿಯಲ್ಲಿ ಬಿಡಿಬಿಡಿಯಾಗಿ ಹೇಳಿದ್ದೇನೆ. ಒಟ್ಟಿಗೆ ಕೂಡಿಸಿ ನೋಡಿದ್ದು ಆ ಲೋಟದ ಮುಂದೆ.

ಊಟದ ಹೋಟೆಲಿನಲ್ಲಿ ಮೊದಲು ಕೇಳಿದ ಪ್ರಶ್ನೆ ನೀವು ಊಹಿಸಿರುತ್ತೀರಿ. ಬಡಿಸುವ ಹುಡುಗ ಪ್ರಾಮಾಣಿಕ. ಒಳಗೆ ಹೋಗಿ ಕೇಳಿ ಬಂದು, "ಈ ಸೂಪು ಬೇಡ ಆಂಟಿ, ಇದರಲ್ಲಿ ಮೀನಿದೆ" ಅಂದ. ನೋಡಿದರೆ ಬರೀ ಸೋಯಾ ಹಿಟ್ಟಿನ ತಿಳಿಸಾರು. ಆದರೆ ಜಪಾನಿನಲ್ಲಿ ಸಾರಿನ ನೀರಿಗೇ ಮೀನಿರುತ್ತದಂತೆ. ಬೊನಿಟೊ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಕಟ್ಟಿಗೆಯಂತಾಗುವ ತನಕ ಒಣಗಿಸಿ, ಬಡಗಿ ಹಲಗೆ ಹೆರೆದಂತೆ ಹೆರೆದು ನೀರಿಗೆ ಹಾಕುತ್ತಾರೆ. "ಕೇಳಿದ್ಯಾ?" ಎಂದು ಮಗಳ ಮುಖ ನೋಡಿದೆ. ಅವಳೂ ಸಿದ್ಧವಾಗಿಯೇ ಬಂದಿದ್ದಳು. ಜಪಾನಿನ ಬೌದ್ಧ ಮಠಗಳಲ್ಲಿ ಮೀನಿಲ್ಲದ ಅಡಿಗೆ ನೂರಾರು ವರ್ಷದಿಂದ ಇದೆ, ಅದಕ್ಕೆ ಶೋಜಿನ್ ಎನ್ನುತ್ತಾರೆ, ಸಾರಿಗೆ ಕೊಂಬು ಎಂಬ ಸಮುದ್ರದ ಪಾಚಿ ಹಾಕುತ್ತಾರೆ ಎಂದಳು. ದೋಗೆನ್ ಎಂಬ ಗುರು 1237ರಲ್ಲಿ ಮಠದ ಅಡಿಗೆಯವನಿಗೆಂದೇ ಒಂದು ಪುಸ್ತಕ ಬರೆದು, ಅಕ್ಕಿ ತೊಳೆಯುವಾಗ ಒಂದು ಕಾಳೂ ಪೋಲಾಗಬಾರದೆಂದು ಹೇಳಿದ್ದಾನೆ. ಅತ್ತೆಯವರು ಇದ್ದಿದ್ದರೆ ಅವನನ್ನು ಮೆಚ್ಚುತ್ತಿದ್ದರು.

ಆಮೇಲೆ ತೆಂಪುರ ಬಂತು. ಸಿಹಿಗೆಣಸು, ಬದನೆ, ಕುಂಬಳದ ಹೋಳುಗಳನ್ನು ತೆಳು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ನಮ್ಮ ಬಜ್ಜಿಯ ತಂಗಿ, ಸ್ವಲ್ಪ ಬಡಕಲು. ಇದೂ ಜಪಾನಿಗೆ ಹೊರಗಿನಿಂದ ಬಂದದ್ದೇ. ಪೋರ್ಚುಗೀಸರು ಅಲ್ಲಿ ಮೊದಲು ಕಾಲಿಟ್ಟದ್ದು 1543ರಲ್ಲಿ. ಕಾರವಾರದಿಂದ ಕೂಗಳತೆಯ ಗೋವಾದಿಂದ ಹೊರಟ ಪಾದ್ರಿ ಫ್ರಾನ್ಸಿಸ್ ಜೇವಿಯರ್ 1549ರಲ್ಲಿ ಅಲ್ಲಿಗೆ ತಲುಪಿದ. ಕ್ರೈಸ್ತರಲ್ಲಿ ವರ್ಷಕ್ಕೆ ನಾಲ್ಕು ಬಾರಿ, ಮೂರು ಮೂರು ದಿನ, ಮಾಂಸ ಬಿಡುವ ವ್ರತವಿತ್ತು. ಆ ದಿನಗಳ ಲ್ಯಾಟಿನ್ ಹೆಸರು 'ತೆಂಪೊರ'. ಆಗ ಅವರು ಮೀನನ್ನೂ ತರಕಾರಿಯನ್ನೂ ಹಿಟ್ಟಿನಲ್ಲಿ ಅದ್ದಿ ಕರಿದು ತಿನ್ನುತ್ತಿದ್ದುದರಿಂದ ತಿಂಡಿಗೂ ಆ ಹೆಸರು ನಿಂತಿತೆಂದು ಹೆಚ್ಚಿನವರು ಹೇಳುತ್ತಾರೆ. 1639ರಲ್ಲಿ ಜಪಾನಿನವರು ಪೋರ್ಚುಗೀಸರನ್ನು ದೇಶದಿಂದ ಹೊರಗಟ್ಟಿದರು. ತಿಂಡಿಯನ್ನು ಮಾತ್ರ ಇಟ್ಟುಕೊಂಡರು. ಬೆಳಿಗ್ಗೆ ಕುಡಿದ ಸಬ್ಬಕ್ಕಿ ನಮ್ಮ ಉಪವಾಸದ್ದು, ಮಧ್ಯಾಹ್ನ ತಿಂದ ಬಜ್ಜಿ ಅವರ ಉಪವಾಸದ್ದು. ಹೊಟ್ಟೆ ತುಂಬ ತಿಂದು ನಾನು ಎರಡು ವ್ರತ ಮಾಡಿದ ಹಾಗಾಯಿತು.

ಸೌತೆಕಾಯಿಯ ಸುಶಿಯನ್ನೂ ತಿಂದೆ. ಹುಳಿ ಬೆರೆಸಿದ ಅನ್ನವನ್ನು ಪಾಚಿಯ ಹಾಳೆಯಲ್ಲಿ ಸುತ್ತಿ ಕತ್ತರಿಸಿದ್ದು. ಒಗ್ಗರಣೆ ಮರೆತ ಪುಳಿಯೋಗರೆಯಂತಿತ್ತು ಎಂದರೆ ಮಗಳು ನಗುತ್ತಾಳೆ, ಆದರೆ ನಿಜ. ಕಡ್ಡಿಯಲ್ಲಿ ಹಿಡಿಯಲು ಹೋಗಿ ಎರಡು ಸಲ ಬೀಳಿಸಿದೆ. "ಕೈಯಲ್ಲೇ ತಿನ್ನಿ ಆಂಟಿ, ಸುಶಿಯನ್ನು ಜಪಾನಿನವರೂ ಕೈಯಲ್ಲಿ ತಿಂತಾರೆ" ಎಂದ ಆ ಹುಡುಗ.

ಯಾವ ಊರಪ್ಪ ನಿನ್ನದು ಎಂದು ಕೇಳಿದೆ. ಮೇಷ್ಟ್ರ ಚಾಳಿ. ಮಣಿಪುರದ ಉಖ್ರುಲ್ ಅಂದ. ನನಗೆ ಮೈ ಜುಮ್ಮೆಂದಿತು. 1944ರ ಮಾರ್ಚಿನಲ್ಲಿ ಜಪಾನೀ ಸೈನ್ಯ ಇಂಫಾಲ್, ಕೊಹಿಮಾಗಳ ಮೇಲೆ ನುಗ್ಗಿದ್ದು ಆ ಬೆಟ್ಟಗಳ ಮೂಲಕವೇ. ಸೈನಿಕರ ಹತ್ತಿರ ಇದ್ದದ್ದು ಕೆಲವು ವಾರಗಳ ಆಹಾರ ಮಾತ್ರ. ಜುಲೈ ಹೊತ್ತಿಗೆ ಮಳೆಯಲ್ಲಿ ಹಿಂದಿರುಗುವಾಗ ಗುಂಡಿಗಿಂತ ಹಸಿವಿನಿಂದ, ರೋಗದಿಂದ ಸತ್ತವರೇ ಹೆಚ್ಚು. ಅವನಿಗೂ ಗೊತ್ತಿತ್ತು. "ನಮ್ಮ ಅಜ್ಜಿ ಆಗ ಚಿಕ್ಕ ಹುಡುಗಿ. ಬರುವಾಗ ನಮ್ಮ ಅಕ್ಕಿ ಕಸಿದುಕೊಂಡರು, ಹೋಗುವಾಗ ಬೇಡಿಕೊಂಡರು ಅಂತ ಹೇಳ್ತಿದ್ದಳು" ಅಂದ. "ಕೊಟ್ಟರಾ?" ಎಂದೆ. "ಅಜ್ಜಿಯ ಅಮ್ಮ ಕೊಟ್ಟಳಂತೆ" ಎಂದು ಹೇಳಿ, ಇನ್ನೊಂದು ಮೇಜಿಗೆ ಅನ್ನದ ಬಟ್ಟಲು ತೆಗೆದುಕೊಂಡು ಹೋದ. ಅವನ ಮನೆಯಿಂದ ಬೆಂಗಳೂರಿಗೆ ಎಷ್ಟು ದಿನದ ದಾರಿಯೋ. ಅವನ ತಾಯಿಯೂ ಏನು ತಿಂತೀಯೋ ಎಂದು ಕೇಳಿಯೇ ಕಳಿಸಿರುತ್ತಾಳೆ.

ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಮಗಳು ಮೆಲ್ಲಗೆ, "ಅಮ್ಮಾ, ಬೋಧಿಸೇನ ಅಂತ ಒಬ್ಬ ಭಿಕ್ಷು ಇದ್ದನಂತೆ, ನಿನಗೆ ಗೊತ್ತಾ?" ಅಂದಳು. ಗೊತ್ತಿಲ್ಲದೆ ಏನು? ದಕ್ಷಿಣ ಭಾರತದವನು ಎನ್ನುತ್ತಾರೆ. 736ರಲ್ಲಿ ಜಪಾನಿಗೆ ಹೋದ. 752ರಲ್ಲಿ ನಾರಾ ನಗರದ ತೋದಾಯ್‌ಜಿ ದೇವಾಲಯದ ಮಹಾಬುದ್ಧನಿಗೆ ಕುಂಚದಿಂದ ಕಣ್ಣು ಬರೆದವನು ಅವನೇ. "ಸಾವಿರದ ಮುನ್ನೂರು ವರ್ಷದ ಹಿಂದೆಯೇ ಹೋಗಿದ್ದಾರೆ ನೋಡು" ಅಂದಳು.

"ಹೋದ ಸರಿ. 760ರಲ್ಲಿ ಅಲ್ಲೇ ತೀರಿಕೊಂಡ. ವಾಪಸು ಬರಲಿಲ್ಲ" ಎಂದೆ.

ಬಾಯಿಂದ ಬಿದ್ದ ಮೇಲೆ ನನಗೇ ತಿಳಿಯಿತು. ತಿಂಗಳಿಂದ ನಾನು ಕೇಳುತ್ತಿದ್ದದ್ದು ಅವಳ ಊಟದ ಮಾತೇ ಅಲ್ಲ. ಅವಳಪ್ಪ ಹೋಗಿ ಆರು ವರ್ಷವಾಯಿತು. ತಿಂಗಳಿಗೆ ಎರಡು ಭಾನುವಾರ ಅವಳು ರೈಲಿಳಿದು ಬಂದಾಗ ಮಾತ್ರ ನಮ್ಮ ಮನೆಯಲ್ಲಿ ಎರಡು ತಟ್ಟೆ ಹಾಕುತ್ತೇನೆ. ಅವಳು ಏನು ತಿನ್ನುತ್ತಾಳೆ ಎನ್ನುವುದಲ್ಲ, ನಾನು ಯಾರ ಜೊತೆ ತಿನ್ನಲಿ ಎನ್ನುವುದು ನನ್ನ ಪ್ರಶ್ನೆಯಾಗಿತ್ತು. ಅದನ್ನು ಕೇಳಲು ನಾಚಿಕೆಯಾಗಿ ಪಾಪ, ಜಪಾನಿನ ಅಡಿಗೆಯನ್ನು ಬೈದಿದ್ದೆ. ಅವಳು ಏನೂ ಅನ್ನಲಿಲ್ಲ. ನನ್ನ ತಟ್ಟೆಯಲ್ಲಿ ಬಿದ್ದಿದ್ದ ಸುಶಿಯ ತುಂಡನ್ನು ಎತ್ತಿ ತಾನು ತಿಂದಳು. ಅವಳಿಗೆ ಗೊತ್ತೇ ಇತ್ತೆಂದು ಕಾಣುತ್ತದೆ.

ಶುಕ್ರವಾರ ಶಾಲೆಗೆ ಹೊರಡುವ ಮುಂಚೆ ಫೋನ್ ಮಾಡಿ, "ವಿಮಾನದಲ್ಲಿ ಸಾರಿನ ಪುಡಿ ಎಷ್ಟು ಕೆಜಿ ಬಿಡ್ತಾರೆ, ಕೇಳಿಕೋ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. "ಶಾಲೆಗೆ ಹೊತ್ತಾಯ್ತು" ಎಂದು ನಾನೇ ಇಟ್ಟೆ.

ಈಗ ಅವಳು ಹೋಗಿ ನಾಲ್ಕು ತಿಂಗಳು. ಭಾನುವಾರ ಅವಳ ಫೋನು ಬರುತ್ತದೆ. ಅಲ್ಲಿಯೂ ಅಂಗಡಿಯಲ್ಲಿ ಮರಗೆಣಸಿನ ಗೋಲಿ ಸಿಗುತ್ತದಂತೆ, ಕಿಚಡಿ ಮಾಡಲು ಹೋಗಿ ಅಂಟಾಯಿತಂತೆ. ನಾನು ಇಲ್ಲಿ ಏಕಾದಶಿಗೆ ಸಬ್ಬಕ್ಕಿ ನೆನೆಹಾಕುತ್ತೇನೆ. ಒಬ್ಬಳಿಗೆ ಎಷ್ಟು ಬೇಕೆಂಬ ಅಂದಾಜು ಇನ್ನೂ ಸಿಕ್ಕಿಲ್ಲ. ಪ್ರತಿ ಸಲವೂ ಒಂದು ಹಿಡಿ ಹೆಚ್ಚಾಗಿಬಿಡುತ್ತದೆ.