ಜೈನ ವೈಯಾಕರಣರೂ ಪರಭಾಷಾ ಬೋಧನೆಯ ಧರ್ಮವೂ

ಆಚಾರ್ಯ ಕುಂದಕುಂದರು ‘ಸಮಯಸಾರ’ದ ಆರಂಭದ ಗಾಥೆಗಳಲ್ಲಿಯೇ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ಅನಾರ್ಯನಾದವನಿಗೆ ಅವನದೇ ಭಾಷೆಯನ್ನು ಬಿಟ್ಟು ಬೇರೊಂದರಲ್ಲಿ ಯಾವ ಅರ್ಥವನ್ನೂ ಗ್ರಹಿಸಿಕೊಡಲಾಗದು. ಅಂತೆಯೇ ವ್ಯವಹಾರನಯವನ್ನು ಬಿಟ್ಟು ಪರಮಾರ್ಥವನ್ನು ಉಪದೇಶಿಸಲಾಗದು ಎಂಬುದು ಅದರ ತಾತ್ಪರ್ಯ. ಟೀಕಾಕಾರರಾದ ಅಮೃತಚಂದ್ರಾಚಾರ್ಯರು ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತಾರೆ. ‘ಸ್ವಸ್ತಿ’ ಎಂದು ಹರಸಿದಾಗ ಆ ಮನುಷ್ಯನು ಏನೊಂದೂ ತಿಳಿಯದೆ ಟಗರಿನಂತೆ ಕಣ್ಣು ಬಿಟ್ಟು ನೋಡುತ್ತಾನೆ. ಎರಡೂ ಭಾಷೆಗಳನ್ನು ಬಲ್ಲವನೊಬ್ಬನು ಆ ಶಬ್ದದ ಅರ್ಥವನ್ನು ಅವನ ನುಡಿಯಲ್ಲಿ ಹೇಳಿದೊಡನೆ ಅದೇ ಕಣ್ಣುಗಳಲ್ಲಿ ಆನಂದಬಾಷ್ಪ ತುಂಬುತ್ತದೆ.

ಈ ದೃಷ್ಟಾಂತವನ್ನು ನಾವು ಪ್ರವಚನಗಳಲ್ಲಿ ನಿಶ್ಚಯ–ವ್ಯವಹಾರಗಳ ವಿವೇಚನೆಗಾಗಿ ಪದೇ ಪದೇ ಕೇಳಿದ್ದೇವೆ. ಆದರೆ ದೃಷ್ಟಾಂತದೊಳಗೆ ನಿಂತಿರುವ ಆ ಮೂರನೆಯ ವ್ಯಕ್ತಿಯನ್ನು, ಎಂದರೆ ಎರಡೂ ಭಾಷೆಗಳನ್ನು ಬಲ್ಲವನನ್ನು, ಎಷ್ಟು ಮಂದಿ ಗಮನಿಸಿದ್ದೇವೆ? ಜೈನ ಪರಂಪರೆಯಲ್ಲಿ ವ್ಯಾಕರಣಶಾಸ್ತ್ರಕ್ಕೆ ದೊರೆತ ಗೌರವದ ಮೂಲವು ಆ ವ್ಯಕ್ತಿಯಲ್ಲಿದೆ ಎಂಬುದು ನನ್ನ ನಂಬಿಕೆ. ಅದನ್ನು ಯಥಾಮತಿಯಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ. ನಾನು ಪಂಡಿತನಲ್ಲ, ವಾಣಿಜ್ಯಶಾಸ್ತ್ರದ ಪದವೀಧರನಾಗಿ ಬಟ್ಟೆಯ ಅಂಗಡಿಯ ಗಲ್ಲದಲ್ಲಿ ಕುಳಿತು ಬಿಡುವಿದ್ದಾಗ ಓದಿದವನು. ಹೇಳುವುದರಲ್ಲಿ ದೋಷವಿದ್ದರೆ ಬಲ್ಲವರು ತಿದ್ದಬೇಕು.

ಮೊದಲು ನೆನೆಯಬೇಕಾದವರು ಪೂಜ್ಯಪಾದ ದೇವನಂದಿಗಳು. ‘ಸರ್ವಾರ್ಥಸಿದ್ಧಿ’ಯ ಕರ್ತೃಗಳಾದ ಈ ಆಚಾರ್ಯರೇ ‘ಜೈನೇಂದ್ರ ವ್ಯಾಕರಣ’ವನ್ನೂ ರಚಿಸಿದರು. ಪಾಣಿನಿಯು ಸುಮಾರು 4000 ಸೂತ್ರಗಳಲ್ಲಿ ಹೇಳಿದ ಶಾಸ್ತ್ರವನ್ನು ಇನ್ನೂ ಅಡಕವಾಗಿಸುವುದು ಅವರ ಗುರಿ. ‘ವಿಭಕ್ತೀ’ ಎಂಬ ಒಂದೇ ಪದದ ಅಕ್ಷರಗಳನ್ನು ಬಿಡಿಸಿ ಏಳು ವಿಭಕ್ತಿಗಳಿಗೂ ಒಂದೊಂದು ಕಿರುಹೆಸರನ್ನಿಟ್ಟ ಅವರ ಜಾಣ್ಮೆಯನ್ನು ಕಂಡರೆ ಕಲಿಯುವವನ ಹೊರೆಯನ್ನು ಇಳಿಸುವ ಕಾಳಜಿಯೂ ಅಲ್ಲಿತ್ತೆನಿಸುತ್ತದೆ. ಅದಕ್ಕಿಂತಲೂ ಮುಖ್ಯವಾದುದು ಆ ಗ್ರಂಥದ ಪ್ರಥಮ ಸೂತ್ರ. ಶಬ್ದಗಳ ಸಿದ್ಧಿಯು ಅನೇಕಾಂತದಿಂದ ಎಂದು ಅಲ್ಲಿ ಸಾರಲಾಗಿದೆ. ಒಂದೇ ಶಬ್ದವು ಒಂದು ವಾಕ್ಯದಲ್ಲಿ ಕರ್ತೃ, ಇನ್ನೊಂದರಲ್ಲಿ ಕರ್ಮ, ಮತ್ತೊಂದರಲ್ಲಿ ಕರಣವಾಗುತ್ತದೆ. ಒಂದು ವಸ್ತುವಿಗೆ ಒಂದೇ ಧರ್ಮವೆಂದು ಹಟ ಹಿಡಿದವನಿಗೆ ಒಂದು ಸಾಮಾನ್ಯ ವಾಕ್ಯವನ್ನೂ ವಿವರಿಸಲಾಗದು. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಸಿದ್ಧರಾಜ ಜಯಸಿಂಹನ ಆಶ್ರಯದಲ್ಲಿ ವ್ಯಾಕರಣ ಬರೆದ ಹೇಮಚಂದ್ರಾಚಾರ್ಯರೂ ಸ್ಯಾದ್ವಾದವನ್ನೇ ಶಬ್ದಸಿದ್ಧಿಯ ತಳಹದಿಯಾಗಿ ಆರಂಭದಲ್ಲಿಟ್ಟರು. ಅವರ ಗ್ರಂಥದ ಎಂಟು ಅಧ್ಯಾಯಗಳಲ್ಲಿ ಏಳು ಸಂಸ್ಕೃತಕ್ಕೆ ಮೀಸಲು. ಎಂಟನೆಯದು ಪ್ರಾಕೃತ, ಶೌರಸೇನಿ, ಮಾಗಧಿ, ಪೈಶಾಚಿ, ಚೂಲಿಕಾಪೈಶಾಚಿ, ಅಪಭ್ರಂಶಗಳಿಗೆ. ಆಡುನುಡಿಗೆ ಹತ್ತಿರವಿದ್ದ ಅಪಭ್ರಂಶಕ್ಕೂ ಸಂಸ್ಕೃತದೊಡನೆ ಒಂದೇ ಗ್ರಂಥದಲ್ಲಿ ಪೀಠ ದೊರೆಯಿತು.

ಕನ್ನಡ ನಾಡಿಗೆ ಬರೋಣ. ಚಾಲುಕ್ಯ ಜಗದೇಕಮಲ್ಲನ ಕಾಲದ ಎರಡನೆಯ ನಾಗವರ್ಮನ ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಬ್ಬ ಅಧ್ಯಾಪಕನ ಮನೋಧರ್ಮವು ಸ್ಪಷ್ಟವಾಗುತ್ತದೆ. ‘ಕಾವ್ಯಾವಲೋಕನ’ದ ಮೊದಲ ಭಾಗವಾದ ‘ಶಬ್ದಸ್ಮೃತಿ’ಯಲ್ಲಿ ಕನ್ನಡದ ವ್ಯಾಕರಣವನ್ನು ಕನ್ನಡ ಪದ್ಯಗಳಲ್ಲಿ ಹೇಳಿದನು, ಇದು ಕನ್ನಡ ಬಲ್ಲವರಿಗೆ. ‘ಕರ್ಣಾಟಕ ಭಾಷಾಭೂಷಣ’ದಲ್ಲಿ ಅದೇ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳಿದನು, ಇದು ಸಂಸ್ಕೃತದ ದಾರಿಯಿಂದ ಕನ್ನಡಕ್ಕೆ ಬರುವವರಿಗೆ. ‘ಅಭಿಧಾನ ವಸ್ತುಕೋಶ’ದಲ್ಲಿ ಸಂಸ್ಕೃತ ಶಬ್ದಗಳಿಗೆ ಕನ್ನಡದ ಅರ್ಥಗಳನ್ನು ಕೊಟ್ಟನು, ಇದು ಕನ್ನಡದ ದಾರಿಯಿಂದ ಸಂಸ್ಕೃತಕ್ಕೆ ಹೋಗುವವರಿಗೆ. ಹೀಗೆ ಒಬ್ಬನೇ ವಿದ್ವಾಂಸನು ಎರಡು ಭಾಷೆಗಳ ನಡುವೆ ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ನಿರ್ಮಿಸಿದನು. ಕುಂದಕುಂದರ ದೃಷ್ಟಾಂತದ ಮೂರನೆಯ ವ್ಯಕ್ತಿಗೆ ಇದಕ್ಕಿಂತ ಉತ್ತಮ ನಿದರ್ಶನವೆಲ್ಲಿ?

ಸುಮಾರು 1260ರ ಕೇಶಿರಾಜನ ‘ಶಬ್ದಮಣಿದರ್ಪಣ’ವು ಹಳಗನ್ನಡ ವ್ಯಾಕರಣದ ಕಿರೀಟಪ್ರಾಯವಾದ ಗ್ರಂಥ. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗನೂ ಜನ್ನಕವಿಯ ಸೋದರಳಿಯನೂ ಆದ ಈತನಿಗೆ ಕಾವ್ಯವು ಮನೆಯ ಮಾತೇ ಆಗಿತ್ತು. ಕಂದಪದ್ಯಗಳಲ್ಲಿ ಸೂತ್ರ, ಗದ್ಯದಲ್ಲಿ ವೃತ್ತಿ, ಅನಂತರ ಪೂರ್ವಕವಿಗಳ ಪ್ರಯೋಗ ಎಂಬುದು ಆತನ ಕ್ರಮ. ಅಸಗ, ಗುಣವರ್ಮ, ಶ್ರೀವಿಜಯ, ಪಂಪ, ಪೊನ್ನ ಮೊದಲಾದವರ ಮಾರ್ಗವೇ ತನಗೆ ಲಕ್ಷ್ಯವೆಂದು ಆತನು ಹೇಳಿಕೊಂಡಿದ್ದಾನೆ. ನಿಯಮವು ಪುಸ್ತಕದಿಂದ ಬಾಯಿಗೆ ಇಳಿಯುವುದಲ್ಲ, ನುಡಿದವರ ನುಡಿಯಿಂದ ಪುಸ್ತಕಕ್ಕೆ ಏರುವುದು ಎಂಬ ವಿವೇಕ ಅಲ್ಲಿದೆ.

ಕೇಶಿರಾಜನ ಮುಂದೆ ಸಿದ್ಧವಾಗಿದ್ದ ಅಚ್ಚು ಸಂಸ್ಕೃತದ್ದು. ಆದರೆ ಕನ್ನಡವು ಆ ಅಚ್ಚಿನಲ್ಲಿ ಹಿಡಿಸದ ಕಡೆಗಳಲ್ಲಿ ಆತನು ಕನ್ನಡವನ್ನು ಕತ್ತರಿಸಲಿಲ್ಲ. ಸಂಸ್ಕೃತದಲ್ಲಿ ಎಕಾರ ಒಕಾರಗಳು ದೀರ್ಘವಾಗಿಯೇ ಇರುತ್ತವೆ. ಕನ್ನಡಕ್ಕೆ ಅವುಗಳ ಹ್ರಸ್ವರೂಪವೂ ಬೇಕು. ಋಕಾರಾದಿಗಳು ಅಚ್ಚಗನ್ನಡಕ್ಕೆ ಬೇಡ. ಱ, ೞಗಳು ಬೇಕು. ಹೀಗೆ ಕಳೆದು ಕೂಡಿ ಕನ್ನಡದ ಶುದ್ಧಾಕ್ಷರಗಳು 47 ಎಂದು ಲೆಕ್ಕ ಒಪ್ಪಿಸಿದನು. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಮನಬಂದಂತೆ ಸಮಾಸ ಮಾಡುವುದನ್ನು ಅರಿಸಮಾಸವೆಂದು ನಿಷೇಧಿಸಿದನು. ಆದರೂ ಹಿಂದಿನವರ ಬಳಕೆಯಲ್ಲಿ ನೆಲೆಗೊಂಡವುಗಳಿಗೆ ಅನುಮತಿ ಕೊಟ್ಟನು. ನಿಯಮದೊಡನೆ ಕ್ಷಮೆಯೂ ಇತ್ತು.

ಇಲ್ಲಿ ಲಿಂಗವಿಚಾರವನ್ನು ಸ್ವಲ್ಪ ವಿವರಿಸಬೇಕು. ಸಂಸ್ಕೃತದಲ್ಲಿ ಲಿಂಗವು ಶಬ್ದಕ್ಕೆ ಸೇರಿದ್ದು. ಹೆಂಡತಿ ಎಂಬ ಅರ್ಥದಲ್ಲಿ ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ. ಕನ್ನಡದಲ್ಲಾದರೋ ಲಿಂಗವು ಅರ್ಥವನ್ನು ಅನುಸರಿಸುವುದರಿಂದ ಯಾವ ಪದವನ್ನು ಬಳಸಿದರೂ ಹೆಂಡತಿ ‘ಬಂದಳು’, ಬಂಡಿ ‘ಬಂದಿತು’. ಸಂಸ್ಕೃತಕ್ಕೆ ದ್ವಿವಚನವುಂಟು, ಕನ್ನಡವು ‘ಇಬ್ಬರು’, ‘ಎರಡು’ ಎಂದು ಹೇಳಿ ಬಹುವಚನದಲ್ಲಿಯೇ ಕೆಲಸ ನಡೆಸುತ್ತದೆ. ಇವುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಅದರದರ ಮನೆಯಲ್ಲಿ ಅದದು ಸರಿ. ಅಪೇಕ್ಷೆಯನ್ನು ಹೇಳದೆ ತೀರ್ಪು ಕೊಡುವುದೇ ಏಕಾಂತ.

ಈ ತತ್ತ್ವವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ; ಒಂದು ತಪ್ಪಿನಿಂದ ಕಲಿತೆನು. ಅನೇಕ ವರ್ಷಗಳ ಹಿಂದೆ ನಮ್ಮ ಬಸದಿಯ ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ರಾಜಸ್ಥಾನದಿಂದ ವ್ಯಾಪಾರಕ್ಕೆಂದು ಬಂದು ನಮ್ಮೂರಿನಲ್ಲಿ ನೆಲೆಸಿದ ಕುಟುಂಬದ ಹುಡುಗನೊಬ್ಬನು, ತಡವಾಗಿ ಬಂದುದೇಕೆಂದು ಕೇಳಿದಾಗ, “ಗಾಡಿ ತಡವಾಗಿ ಬಂದಳು” ಎಂದನು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅಷ್ಟಕ್ಕೆ ನಿಲ್ಲದೆ, “ಗಾಡಿ ಯಾರ ಮನೆಯ ಸೊಸೆ?” ಎಂದು ಕೇಳಿಬಿಟ್ಟೆ. ಅಂದಿನಿಂದ ಆ ಹುಡುಗನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಕೆಲವು ವಾರಗಳ ನಂತರ ಬರುವುದನ್ನೇ ನಿಲ್ಲಿಸಿದನು.

ಮುಂದೆ ಒಮ್ಮೆ ಬಟ್ಟೆ ಖರೀದಿಗೆಂದು ಸೂರತ್ತಿಗೆ ಹೋಗಿದ್ದಾಗ, ನನ್ನ ಹಿಂದಿಯಲ್ಲಿ “ಗಾಡೀ ದೇರ್ ಸೇ ಆಯಾ” ಎಂದೆ. ‘ಆಯೀ’ ಎನ್ನಬೇಕಿತ್ತು. ಎದುರಿಗಿದ್ದ ವೃದ್ಧ ವ್ಯಾಪಾರಿಗಳು ನಗಲಿಲ್ಲ, ತಿದ್ದಲೂ ಇಲ್ಲ. “ಅಚ್ಛಾ, ಗಾಡೀ ದೇರ್ ಸೇ ಆಯೀ?” ಎಂದು ಸಹಜವಾಗಿ ಕೇಳಿ ಚಹಾ ತರಿಸಿದರು. ಸರಿಯಾದ ರೂಪವು ನನ್ನ ಕಿವಿಗೆ ಬಿದ್ದಿತು, ನನ್ನ ಮಾನವೂ ಉಳಿಯಿತು. ಆ ಕ್ಷಣದಲ್ಲಿ ಹುಡುಗನ ಮುಖವು ಕಣ್ಣೆದುರು ಬಂದಿತು. ಅವನು ತಪ್ಪು ಮಾಡಿರಲಿಲ್ಲ. ತನ್ನ ಮನೆಮಾತಿನ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದನು. ಗಾಡಿಯು ಅವನ ನುಡಿಯಲ್ಲಿ ಸ್ತ್ರೀಲಿಂಗವೆಂದು ನಾನು ಹೇಳಿಕೊಟ್ಟು, ಕನ್ನಡದಲ್ಲಿ ಅದು ಹೇಗೆ ಬೇರೆಯೆಂದು ತೋರಿಸಿದ್ದರೆ, ಅಂದು ತರಗತಿಯ ಎಲ್ಲ ಮಕ್ಕಳೂ ಎರಡು ಭಾಷೆಗಳ ವ್ಯಾಕರಣವನ್ನು ಕಲಿಯುತ್ತಿದ್ದರು. ‘ಸ್ವಸ್ತಿ’ ಎನ್ನುವ ಬದಲು ನಾನು ಟಗರನ್ನು ನೋಡಿ ನಕ್ಕವನಾದೆ.

ತಮಿಳಿನ ‘ನನ್ನೂಲ್’ ಎಂಬ ವ್ಯಾಕರಣವನ್ನು ರಚಿಸಿದ ಪವಣಂದಿ ಮುನಿಗಳೂ ಜೈನರೇ. ಹದಿಮೂರನೆಯ ಶತಮಾನದ ಈ ಗ್ರಂಥಕ್ಕೆ ಪ್ರೇರಕನಾದವನು ಗಂಗವಂಶದವನೆಂದು ಹೆಸರಾದ ಸೀಯಗಂಗನೆಂಬ ಅರಸು. ಮತಭೇದವಿಲ್ಲದೆ ತಮಿಳರು ಶತಮಾನಗಳ ಕಾಲ ಇದನ್ನು ಪಠ್ಯವಾಗಿ ಓದಿದರು. ಇದರ ಪೀಠಿಕೆಯಲ್ಲಿ ಕಲಿಸುವವರ ಮತ್ತು ಕಲಿಯುವವರ ಲಕ್ಷಣಗಳಿವೆ. ಉತ್ತಮ ವಿದ್ಯಾರ್ಥಿಯು ಹಂಸದಂತೆ, ಹಸುವಿನಂತೆ. ಮಧ್ಯಮನು ನೆಲದಂತೆ, ಗಿಣಿಯಂತೆ. ಅಧಮನು ತೂತುಗಡಿಗೆಯಂತೆ, ಆಡಿನಂತೆ, ಕೋಣದಂತೆ, ತುಪ್ಪವನ್ನು ಬಿಟ್ಟು ಕಸವನ್ನು ಹಿಡಿದಿಡುವ ಸೋಸುಬಲೆಯಂತೆ. ಶಿಷ್ಯರಿಗೆ ಮಾತ್ರ ಪರೀಕ್ಷೆಯಿಟ್ಟು ಗುರುಗಳನ್ನು ಬಿಟ್ಟಿಲ್ಲ ಎಂಬುದೇ ಇಲ್ಲಿನ ವಿಶೇಷ. ಹತ್ತಿ ತುರುಕಿದ ಗಡಿಗೆಯಿಂದ ಏನನ್ನೂ ಸುಲಭವಾಗಿ ತೆಗೆಯಲಾಗದಂತೆ ಕೆಲವರ ವಿದ್ಯೆ. ಬಾಗಿದ ತೆಂಗಿನ ಮರವು ನೀರೆರೆದವನ ಅಂಗಳವನ್ನು ಬಿಟ್ಟು ನೆರೆಯವನ ಅಂಗಳಕ್ಕೆ ಕಾಯಿ ಉದುರಿಸುವಂತೆ ಇನ್ನು ಕೆಲವರ ವಿದ್ಯೆ. ಸದ್ಗುರುವಿಗೆ ಕೊಟ್ಟ ಉಪಮೆಗಳು ನಾಲ್ಕು: ನೆಲ, ಬೆಟ್ಟ, ತಕ್ಕಡಿ, ಹೂವು. ವ್ಯಾಪಾರಿಯಾದ ನನಗೆ ತಕ್ಕಡಿಯೇ ಮನಸ್ಸಿನಲ್ಲಿ ನಿಂತಿತು. ತಕ್ಕಡಿಗೆ ಗಿರಾಕಿಯ ಜಾತಿ ತಿಳಿಯದು, ಊರು ತಿಳಿಯದು. ನಾನು ಅಂದು ನಕ್ಕಾಗ ನನ್ನ ತಟ್ಟೆಯ ಕೆಳಗೆ ಮೇಣವಿತ್ತು.

1604ರಲ್ಲಿ ಭಟ್ಟಾಕಳಂಕದೇವರು 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತದಲ್ಲಿ ರಚಿಸಿ ತಾವೇ ವೃತ್ತಿ ವ್ಯಾಖ್ಯಾನಗಳನ್ನೂ ಬರೆದರು. ದೇಶಭಾಷೆಯಲ್ಲಿ ಶಾಸ್ತ್ರಕ್ಕೆ ಸ್ಥಾನವಿಲ್ಲವೆಂಬ ತಾತ್ಸಾರಕ್ಕೆ ಉತ್ತರವಾಗಿ, ತತ್ತ್ವಾರ್ಥ ಮಹಾಶಾಸ್ತ್ರಕ್ಕೆ ಕನ್ನಡದಲ್ಲಿ 96,000 ಗ್ರಂಥಪ್ರಮಾಣದ ‘ಚೂಡಾಮಣಿ’ ಎಂಬ ವ್ಯಾಖ್ಯಾನವಿದ್ದುದನ್ನು ಅವರು ನೆನಪಿಸುತ್ತಾರೆ. ಕನ್ನಡವನ್ನು ಕೀಳೆಂದವರಿಗೆ ಅವರ ಭಾಷೆಯಲ್ಲಿಯೇ ಕನ್ನಡದ ಘನತೆಯನ್ನು ತಿಳಿಸಿದುದು ಅವರ ಔಚಿತ್ಯಪ್ರಜ್ಞೆ.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಚಬಾರದು. ಈ ಆಚಾರ್ಯರು ಸಂಸ್ಕೃತದ ಅಳತೆಗೋಲನ್ನು ಕನ್ನಡದ ಮೇಲೆ ಹೇರಿದರು, ಅದರಿಂದ ಕನ್ನಡದ ನಿಜವಾದ ಸ್ವರೂಪ ಮಸುಕಾಯಿತು ಎಂದು ಆಧುನಿಕ ವಿದ್ವಾಂಸರು ವಾದಿಸಿದ್ದಾರೆ. ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದ ಹೆಸರೇ ಆ ವಾದವನ್ನು ಸಾರುತ್ತದೆ. ವಾದದಲ್ಲಿ ಸತ್ಯಾಂಶವಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಏಳು ವಿಭಕ್ತಿಗಳನ್ನು ಉರುಹೊಡೆಯುವಾಗ, ಕನ್ನಡದ ಪಂಚಮಿಗೆ ‘ದೆಸೆಯಿಂದ’ ಎಂಬ ಬೇರೊಂದು ಪದವನ್ನು ತಂದು ಕೂಡಿಸಿದಾಗ, ಸ್ಥಳ ತುಂಬಲೆಂದೇ ಹಾಗೆ ಮಾಡಿದಂತೆ ತೋರುತ್ತದೆ. 1956ರ ಕಾಯಿದೆಯಿಂದ ಮೆಟ್ರಿಕ್ ತೂಕ ಅಳತೆಗಳು ಬಂದಾಗ ನಮ್ಮ ತಂದೆಯವರ ಪೀಳಿಗೆಯವರು ಬಹುಕಾಲ ಸೇರಿನ ಲೆಕ್ಕದಿಂದಲೇ ಕಿಲೋವನ್ನು ಅರಿತರು. ತಿಳಿದ ಅಳತೆಯಿಂದ ತಿಳಿಯದುದನ್ನು ಅಳೆಯುವುದು ಮನುಷ್ಯ ಸಹಜ. ಕಲಿಕೆಯ ಮೊದಲ ಮೆಟ್ಟಿಲಾಗಿ ಅದು ತಪ್ಪಲ್ಲ. ಅಲ್ಲಿಯೇ ನಿಂತುಬಿಡುವುದು ತಪ್ಪು. ಕೇಶಿರಾಜನು ನಿಲ್ಲಲಿಲ್ಲ ಎಂಬುದಕ್ಕೆ ಆ 47 ಅಕ್ಷರಗಳ ಲೆಕ್ಕವೇ ಸಾಕ್ಷಿ.

ಈ ಪರಂಪರೆಯ ಫಲವನ್ನು ಹೊರಗಿನಿಂದ ಬಂದವರೂ ಉಂಡರು. ಜರ್ಮನಿಯ ಪಾದ್ರಿ ಫರ್ಡಿನಂಡ್ ಕಿಟ್ಟೆಲ್ಲರು 1872ರಲ್ಲಿ ಮಂಗಳೂರಿನಲ್ಲಿ ‘ಶಬ್ದಮಣಿದರ್ಪಣ’ವನ್ನು ಪ್ರಕಟಿಸಿದರು, 1894ರಲ್ಲಿ ಅವರ ಮಹಾಕೋಶವೂ 1903ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವೂ ಹೊರಬಂದವು. ಆ ವ್ಯಾಕರಣಕ್ಕೆ ಕೇಶಿರಾಜನೇ ಆಧಾರ. ಬಿ.ಎಲ್. ರೈಸರು 1884ರಲ್ಲಿ ‘ಭಾಷಾಭೂಷಣ’ವನ್ನೂ 1890ರಲ್ಲಿ ‘ಶಬ್ದಾನುಶಾಸನ’ವನ್ನೂ ಅಚ್ಚುಹಾಕಿಸಿದರು. ಅನ್ಯಧರ್ಮೀಯರು ನಮ್ಮ ಓಲೆಗರಿಗಳಿಂದ ಕನ್ನಡ ಕಲಿತು ಕನ್ನಡಿಗರಿಗೇ ಅದನ್ನು ಮರಳಿ ಕೊಟ್ಟರು. ನಾವು ಆ ಗ್ರಂಥಗಳ ಹೆಸರುಗಳನ್ನು ಜಯಂತಿಯ ಭಾಷಣಗಳಲ್ಲಿ ಹೇಳಿ ಹೆಮ್ಮೆಪಡುತ್ತೇವೆ. ನಮ್ಮ ಮನೆಗಳಲ್ಲಿ ಅವನ್ನು ತೆರೆದು ಓದುವವರೆಷ್ಟು?

ತೀರ್ಥಂಕರರ ಸಮವಸರಣದಲ್ಲಿ ದಿವ್ಯಧ್ವನಿಯು ಹದಿನೆಂಟು ಮಹಾಭಾಷೆಗಳಲ್ಲಿಯೂ ಏಳುನೂರು ಲಘುಭಾಷೆಗಳಲ್ಲಿಯೂ ಪರಿಣಮಿಸಿ ಕೇಳುವವರಿಗೆಲ್ಲ ಅರ್ಥವಾಗುತ್ತಿತ್ತೆಂದು ಆಗಮಪರಂಪರೆ ಹೇಳುತ್ತದೆ. ಆ ಅತಿಶಯವು ನಮಗಿಲ್ಲ. ನಮಗಿರುವುದು ವ್ಯಾಕರಣವೊಂದೇ, ಅದೂ ಪರಿಶ್ರಮದಿಂದ, ಒಂದೊಂದು ಪ್ರತ್ಯಯವಾಗಿ ಕಲಿಯಬೇಕಾದದ್ದು. ಇಂದು ನಮ್ಮ ಪಾಠಶಾಲೆಗಳಲ್ಲಿ ಕನ್ನಡ, ತುಳು, ಮರಾಠಿ, ಹಿಂದಿ, ಗುಜರಾತಿಗಳನ್ನು ಮನೆಮಾತಾಗಿ ಉಳ್ಳ ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತಿರುತ್ತಾರೆ. ಅವರ ತಪ್ಪುಗಳನ್ನು ಕೇಳಿದಾಗ, ಇದು ಯಾವ ಭಾಷೆಯ ಸರಿ ಎಂದು ಮೊದಲು ವಿಚಾರಿಸುವುದು ಅಧ್ಯಾಪಕನ ಕರ್ತವ್ಯ. ವಚನದಿಂದಾಗುವ ಹಿಂಸೆಯೂ ಹಿಂಸೆಯೇ ಎಂದು ನಾವು ಮಕ್ಕಳಿಗೆ ಬೋಧಿಸುತ್ತೇವೆ. ಬೋಧಿಸುವ ಹೊತ್ತಿನಲ್ಲಿಯೇ ಅದನ್ನು ಮಾಡಬಾರದಷ್ಟೆ.

ಸೂರತ್ತಿನಿಂದ ಮರಳಿದ ವರ್ಷ, ದಶಲಕ್ಷಣ ಪರ್ವದ ನಂತರದ ಕ್ಷಮಾವಣಿಯ ದಿನ, ನಾನು ಆ ಹುಡುಗನ ಮನೆಗೆ ಹೋಗಿ ಕ್ಷಮೆ ಬೇಡಿದೆ. ಅಷ್ಟರಲ್ಲಿ ಅವನು ತನ್ನ ತಂದೆಯ ಅಂಗಡಿಯಲ್ಲಿ ಕುಳಿತುಕೊಳ್ಳುವಷ್ಟು ಬೆಳೆದಿದ್ದನು. ಮರೆತಿದ್ದನೋ ಮರೆತಂತೆ ಇದ್ದನೋ ಅರಿಯೆ. ಚೊಕ್ಕವಾದ ಕನ್ನಡದಲ್ಲಿ “ಕುಳಿತುಕೊಳ್ಳಿ” ಎಂದು ನೀರು ತಂದುಕೊಟ್ಟನು. ಪಾಠಶಾಲೆಗೆ ಮಾತ್ರ ಮತ್ತೆ ಬರಲಿಲ್ಲ. ಆ ಭಾನುವಾರಗಳ ಲೆಕ್ಕವನ್ನು ನನ್ನ ಖಾತೆಯ ಯಾವ ಪುಟದಲ್ಲಿಯೂ ಸರಿದೂಗಿಸಲಾಗಿಲ್ಲ.